ಹಾಜರಿ

ಮೇಷ್ಟ್ರು ಹೆಸರು ಕೂಗಿದಾಗ ‘ಹಾಜರ್ ಸಾರ್’ ಎಂದು ಎದ್ದು ನಿಂತವರಿಗೆಲ್ಲ ಈ ಪದ ಗೊತ್ತು. ಹಾಜರಿ ಪುಸ್ತಕ, ಕೂಲಿಯವರ ಹಾಜರಿ, ಗೈರುಹಾಜರಿ ಎಂದು ಕನ್ನಡದ ಮಣ್ಣಿನಲ್ಲೇ ಹುಟ್ಟಿದಂತೆ ಬೆಳೆದಿದೆ. ಮೂಲ ಅರಬ್ಬಿಯ ‘ಹಾದಿರ್’, ಎಂದರೆ ಎದುರಿಗೆ ಇರುವವನು. ಪಾರಸಿಯ ನಾಲಿಗೆಯಲ್ಲಿ ‘ಹಾಜಿರ್’ ಆಗಿ, ಆಡಳಿತದ ಜೊತೆ ನಮ್ಮ ಕಚೇರಿಗಳನ್ನು ಹೊಕ್ಕಿತು. ಹುಜೂರು ಇದರ ಒಡಹುಟ್ಟು. ಪೊಲೀಸರು ಪಂಚರನ್ನು ಕರೆದು ಬರೆಯುವ ‘ಮಹಜರು’ ಕೂಡ ಇದೇ ಬಳ್ಳಿಯ ಕಾಯಿ.

ಅರಬ್ಬಿಯಲ್ಲಿ ಈ ಧಾತುವಿಗೆ ಇನ್ನೊಂದು ಅರ್ಥವೂ ಉಂಟು. ‘ಹದರ್’ ಎಂದರೆ ಒಂದೆಡೆ ನೆಲೆನಿಂತವರು. ಮರಳುಗಾಡಿನಲ್ಲಿ ಅಲೆಯುವ ಬೆಡೂಯಿನರಿಗೆ ಎದುರಾದ ಮಾತು. ನಮ್ಮ ಅಲೆಮಾರಿಗಳ ಪಾಲಿಗೆ ಈ ಪದ ಮುಂದೆ ಏನಾಯಿತೆಂದು ನೆನೆದರೆ ಕರುಳು ಹಿಂಡುತ್ತದೆ.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಒಂದು ಕುಲದಲ್ಲಿ ಹುಟ್ಟುವುದೇ ಅಪರಾಧವಾಯಿತು. ಹೆಸರು ನೋಂದಾಯಿಸಬೇಕು, ಊರು ಬಿಡಲು ಪಾಸು ಬೇಕು, ಗೊತ್ತುಮಾಡಿದ ಹೊತ್ತಿಗೆ ಹಾಜರಿ ಕೊಡಬೇಕು. 1911ರ ಕಾಯ್ದೆ ಇದನ್ನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿಸಿ ಬೆರಳಚ್ಚನ್ನೂ ಸೇರಿಸಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ಗಳು ಎದ್ದವು. ಗಂಟಿಚೋರರು, ಪಾರ್ಧಿಗಳು ಅಲ್ಲಿ ಬೇಲಿಯೊಳಗೆ ಬದುಕಿದರು. ಹೆಸರಿನಲ್ಲೇ ಕಳ್ಳನೆಂಬ ಪಟ್ಟ ಹೊತ್ತ ಮಗು ಶಾಲೆಯಲ್ಲಿ ‘ಹಾಜರ್’ ಎನ್ನುವಾಗಿನ ಸಂಕಟ ನಮಗೆ ಹೇಗೆ ತಿಳಿದೀತು? ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬುದು ಇಂದಿಗೂ ಒಂದು ಬಡಾವಣೆಯ ಹೆಸರು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆ ಜನ ‘ವಿಮುಕ್ತ’ರಾದರು. ಹಾಜರಿ ಮಾತ್ರ ಪೂರ್ತಿ ಹೋಗಲಿಲ್ಲ. ರದ್ದಾದ ಕಾಯ್ದೆಯ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಎಲ್ಲೋ ಕಳವಾದರೆ ಮೊದಲು ಇವರ ಗುಡಿಸಲ ಬಾಗಿಲು ಬಡಿಯುವ ಚಾಳಿ ಉಳಿಯಿತು. ಪೊಲೀಸರ ಜೀಪು ಕಂಡರೆ ಕೇರಿಯೇ ಅಡಗಿಕೊಳ್ಳುವುದೂ ಉಳಿಯಿತು. ಹಾಗೆ ಅಡಗಿದ್ದೇ ಮತ್ತೆ ಅನುಮಾನಕ್ಕೆ ಕಾರಣ.

2024ರಲ್ಲಿ ಸುಪ್ರೀಂ ಕೋರ್ಟು ಎರಡು ಸಲ ಈ ಗಾಯವನ್ನು ಮುಟ್ಟಿತು. ಹಿಂದುಳಿದ, ದಲಿತ, ಬುಡಕಟ್ಟು ಸಮುದಾಯಗಳ ಅಮಾಯಕರ ಹೆಸರಲ್ಲಿ ಯಾಂತ್ರಿಕವಾಗಿ ಹಿಸ್ಟರಿ ಶೀಟು, ಎಂದರೆ ಕಣ್ಣಿಡಬೇಕಾದವರ ಬಗ್ಗೆ ಠಾಣೆಯಲ್ಲಿಡುವ ದಾಖಲೆ, ತೆರೆಯಬಾರದೆಂದು ಮೇ ತಿಂಗಳಲ್ಲಿ ಎಚ್ಚರಿಸಿತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲಿನ ಅಕ್ಟೋಬರ್ 3ರ ತೀರ್ಪಿನಲ್ಲಿ, ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸದಂತೆ ನೋಡಿಕೊಳ್ಳಲು ಪೊಲೀಸರಿಗೆ ಆದೇಶಿಸಿತು.

ತೀರ್ಪಿನ ಪ್ರತಿ ಠಾಣೆಗೆ ಬಂದರೆ ಸಾಲದು. ಆಗಸ್ಟ್ 31ನ್ನು ಆ ಜನ ವಿಮುಕ್ತ ದಿನವೆಂದು ಆಚರಿಸುತ್ತಾರೆ. ಠಾಣಾಧಿಕಾರಿಗಳೇ, ಅಂದು ಲಾಠಿ ಬಿಟ್ಟು ಅವರ ಕೇರಿಗೆ ಹೋಗಿ. ಹಿರಿಯರ ಜೊತೆ ಕುಳಿತು ಚಹಾ ಕುಡಿಯಿರಿ. ಯಾರ ಮೇಲೆ ಕಾರಣವಿಲ್ಲದೆ ಶೀಟು ತೆರೆದಿದೆಯೋ ಆ ಹೆಸರನ್ನು ಅವರ ಕಣ್ಣೆದುರೇ ತೆಗೆಸಿಹಾಕಿ. ಈ ಸಲ ಹಾಜರಿ ಕೊಡುವ ಸರದಿ ನಿಮ್ಮದು.