ಉರಿಯೂತದ ಉಪಶಮನ: ಒಂದು ಪರಿಕಲ್ಪನೆಯ ಚರಿತ್ರೆ

ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪು, ಬಾವು, ಬಿಸಿ, ನೋವು. ಇವುಗಳಲ್ಲಿ ಎರಡು ಕನ್ನಡದ ಪದದಲ್ಲಿಯೇ ಅಡಗಿವೆ. ಉರಿಯೂ ಇದೆ, ಊತವೂ ಇದೆ. ಅಂಗದ ಕಾರ್ಯನಷ್ಟವೆಂಬ ಐದನೆಯ ಲಕ್ಷಣ ಅನಂತರ ಸೇರಿತು. ಐದೂ ಉರಿಯೂತ ಇರುವುದನ್ನು ತಿಳಿಸುತ್ತವೆಯೇ ಹೊರತು ಅದು ಹೇಗೆ ಶಮನವಾಗುತ್ತದೆಂಬುದನ್ನಲ್ಲ. ಈ ಏಕಮುಖ ದೃಷ್ಟಿ ವೈದ್ಯಶಾಸ್ತ್ರದಲ್ಲಿ ಬಹುಕಾಲ ಉಳಿಯಿತು.

ಉರಿಯೂತವು ಸ್ವತಃ ರೋಗವಲ್ಲ, ದೇಹದ ಹಿತಕರ ಪ್ರತಿಕ್ರಿಯೆ ಎಂಬ ಜಾನ್ ಹಂಟರ್‌ನ ವಾದ ಆತನ ಮರಣಾನಂತರ, 1794ರಲ್ಲಿ, ಪ್ರಕಟವಾಯಿತು. 1867ರಲ್ಲಿ ಕೋನ್‌ಹೈಮ್ ಬಿಳಿರಕ್ತಕಣಗಳು ರಕ್ತನಾಳದ ಭಿತ್ತಿಯನ್ನು ದಾಟಿ ಹೊರಬರುವುದನ್ನು ಕಪ್ಪೆಯಲ್ಲಿ ವಿವರಿಸಿದನು. 1882ರಲ್ಲಿ ಮೆಸ್ಸಿನಾದಲ್ಲಿ ಮೆಚ್ನಿಕೋವ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿದಾಗ, ಅದರ ಸುತ್ತ ಕೋಶಗಳು ಮುತ್ತಿಕೊಂಡವು. ಹೀಗೆ ಬಂದ ಕೋಶಗಳು ಹೋಗುವುದೆಲ್ಲಿಗೆ? ಸೌದೆ ತೀರಿದ ಒಲೆಯಂತೆ ಉರಿಯೂತವೂ ತಾನಾಗಿಯೇ ಆರುತ್ತದೆಂದು ಭಾವಿಸಲಾಗಿತ್ತು.

ಈ ಭಾವನೆ ಸಡಿಲಗೊಂಡದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಕೋಶಗಳ ನಿಯಂತ್ರಿತ ಮರಣಕ್ಕೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಅಪೊಪ್ಟೋಸಿಸ್ ಎಂಬ ಹೆಸರಿಟ್ಟಿದ್ದರು. ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ವಯಸ್ಸಾದಂತೆ ಇದೇ ರೀತಿಯಲ್ಲಿ ಸಾಯುತ್ತವೆ, ಮ್ಯಾಕ್ರೋಫೇಜ್‌ಗಳು ಅವನ್ನು ಇಡಿಯಾಗಿ ನುಂಗುತ್ತವೆ ಎಂಬುದನ್ನು 1989ರಲ್ಲಿ ಸ್ಯಾವಿಲ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಇದು ಸಣ್ಣ ಸಂಗತಿಯಲ್ಲ. ಅಂಗಾಂಶವನ್ನೇ ಕರಗಿಸಬಲ್ಲ ಕಿಣ್ವಗಳು ನ್ಯೂಟ್ರೋಫಿಲ್‌ನೊಳಗಿವೆ. ಕೋಶ ಒಡೆದರೆ ಅವು ಹೊರಚೆಲ್ಲಿ ಹೊಸ ಗಾಯವಾಗುತ್ತದೆ. ಮೃತಕೋಶವನ್ನು ನುಂಗಿದ ಮ್ಯಾಕ್ರೋಫೇಜ್ ಉದ್ರೇಕಕಾರಿ ಸ್ರಾವವನ್ನು ತಗ್ಗಿಸಿ ದುರಸ್ತಿಯ ಸಂಕೇತಗಳನ್ನು ಹೊರಡಿಸುತ್ತದೆ. ಈ ತೆರವು ಕುಂಠಿತವಾದಲ್ಲಿ ಉರಿಯೂತ ದೀರ್ಘಕಾಲಿಕವಾಗಬಲ್ಲದು. ಅಪಧಮನಿಗಳ ಕೊಬ್ಬಿನ ಗಡ್ಡೆಗಳಲ್ಲಿ ಮೃತಕೋಶಗಳು ರಾಶಿಬೀಳುವುದು ಇದಕ್ಕೆ ನಿದರ್ಶನ.

ರಾಸಾಯನಿಕ ಪಕ್ಷವನ್ನು ಬೆಳೆಸಿದವರಲ್ಲಿ ಚಾರ್ಲ್ಸ್ ಸೆರ್ಹನ್ ಪ್ರಮುಖರು. 1984ರಲ್ಲಿ ಸ್ಯಾಮುಯೆಲ್ಸನ್ ಅವರೊಡನೆ ಲಿಪಾಕ್ಸಿನ್‌ಗಳನ್ನೂ, 2000ದ ಬಳಿಕ ಬಾಸ್ಟನ್ನಿನಲ್ಲಿ ಮೀನೆಣ್ಣೆಯ ಕೊಬ್ಬಿನಾಮ್ಲಗಳಿಂದ ಉಂಟಾಗುವ ರೆಸಾಲ್ವಿನ್‌ಗಳನ್ನೂ ಅವರು ವರ್ಣಿಸಿದರು. ಉರಿಯನ್ನು ಹೊತ್ತಿಸುವ ಪ್ರೋಸ್ಟಾಗ್ಲಾಂಡಿನ್‌ಗಳೇ ತುಸು ಹೊತ್ತಿನಲ್ಲಿ ಲಿಪಾಕ್ಸಿನ್ ತಯಾರಿಕೆಗೆ ಪ್ರೇರಣೆ ನೀಡುತ್ತವೆಂದು 2001ರಲ್ಲಿ ತಿಳಿದುಬಂತು. ಆರಂಭದಲ್ಲಿಯೇ ಅಂತ್ಯದ ಏರ್ಪಾಡಿದೆ ಎಂದಾಯಿತು.

ಆಗ ಔಷಧಗಳ ಪ್ರಶ್ನೆ ಎದ್ದಿತು. ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್ ಉತ್ಪಾದನೆಯನ್ನು ತಡೆಯುತ್ತದೆಂದು 1971ರಲ್ಲಿಯೇ ಜಾನ್ ವೇನ್ ತೋರಿಸಿದ್ದರು. ಆದರೆ 1999ರಲ್ಲಿ ಗಿಲ್‌ರಾಯ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಕಾಕ್ಸ್-2 ಕಿಣ್ವವನ್ನು ಮೊದಲ ಗಂಟೆಗಳಲ್ಲಿ ತಡೆದಾಗ ಉರಿಯೂತ ತಗ್ಗಿತು; 48 ಗಂಟೆಗಳ ಹಂತದಲ್ಲಿ ತಡೆದಾಗ ಉಲ್ಬಣಿಸಿತು. ಉರಿಶಾಮಕಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದೂ ಸಲ್ಲದು. ಆಸ್ಪಿರಿನ್ ಅದೇ ಕಿಣ್ವವನ್ನು ಮಾರ್ಪಡಿಸಿ ಲಿಪಾಕ್ಸಿನ್ನಿನ ಮತ್ತೊಂದು ರೂಪವನ್ನು ಹುಟ್ಟಿಸುತ್ತದೆ. ಮೀನೆಣ್ಣೆಯ ಜಾಹೀರಾತುಗಳು ಈ ಸಂಶೋಧನೆಯನ್ನು ಆತುರದಿಂದ ಬಳಸಿಕೊಂಡಿವೆ. ಮನುಷ್ಯದೇಹದಲ್ಲಿ ರೆಸಾಲ್ವಿನ್‌ಗಳು ಪರಿಣಾಮ ಬೀರುವಷ್ಟು ಪ್ರಮಾಣದಲ್ಲಿ ಉಂಟಾಗುತ್ತವೆಯೇ ಎಂಬುದು ಸಂಶೋಧಕರಲ್ಲಿ ಇನ್ನೂ ವಿವಾದದಲ್ಲಿದೆ.