ಶಾಲೆಗೆ ಮೊಬೈಲ್: ಆಪತ್ಕಾಲಕ್ಕೆ ಎಷ್ಟು ಉಪಯುಕ್ತ?

ಶಾಲೆಗೆ ಹೋಗುವ ಮಕ್ಕಳ ಬಳಿ ಮೊಬೈಲ್ ಫೋನ್ ಇರಬೇಕೆನ್ನುವ ಪೋಷಕರು ಮುಂದಿಡುವ ಪ್ರಮುಖ ಕಾರಣ ಸುರಕ್ಷತೆ. ಆದರೆ ಸಿಬಿಎಸ್‌ಇ ಮಂಡಳಿಯು 2009ರಲ್ಲೇ ತನ್ನ ಶಾಲೆಗಳಲ್ಲಿ ಮೊಬೈಲ್ ಬಳಕೆಯನ್ನು ನಿರ್ಬಂಧಿಸಿ ಸುತ್ತೋಲೆ ಹೊರಡಿಸಿತ್ತು.

2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದಿತು. ಸುದ್ದಿ ಹರಡುತ್ತಿದ್ದಂತೆ ಪೋಷಕರು ಶಾಲೆಗಳತ್ತ ಧಾವಿಸಿದರು. ಪೊಲೀಸರ ಶೋಧದ ಬಳಿಕ ಅದು ಹುಸಿ ಬೆದರಿಕೆಯೆಂದು ತಿಳಿಯಿತು. ಇಂತಹ ಹೊತ್ತಿನಲ್ಲಿ ಮಕ್ಕಳು ಶಿಕ್ಷಕರ ಸೂಚನೆಗೆ ಕಿವಿಗೊಡಬೇಕು. ನೂರಾರು ಮಂದಿ ಏಕಕಾಲಕ್ಕೆ ಮನೆಗೆ ಕರೆ ಮಾಡತೊಡಗಿದರೆ ಹಬ್ಬುವುದು ವದಂತಿಯೇ.

ಹಾಸನ ಸಮೀಪದ ಬೂವನಹಳ್ಳಿಯಂತಹ ಊರುಗಳ ಮಾತು ಬೇರೆ. ಬಸ್ಸಿನಲ್ಲಿ ನಗರದ ಶಾಲೆಗೆ ಹೋಗಿಬರುವ ಮಗುವಿಗೆ ತೊಂದರೆ ಎದುರಾಗುವುದು ತರಗತಿಗಿಂತ ಹೆಚ್ಚಾಗಿ ದಾರಿಯಲ್ಲಿ. ಬಸ್ ತಪ್ಪುತ್ತದೆ, ಕತ್ತಲಾಗುತ್ತದೆ. ಅಂಗಡಿಗಳ ಮುಂದಿದ್ದ ಒಂದು ರೂಪಾಯಿ ನಾಣ್ಯದ ಫೋನ್‌ಗಳೂ ಈಗ ಕಾಣಸಿಗವು. ಆದ್ದರಿಂದ ಸಂಪೂರ್ಣ ನಿಷೇಧಕ್ಕಿಂತ, ಇಂಟರ್‌ನೆಟ್ ಇಲ್ಲದ ಸಾಧಾರಣ ಫೋನನ್ನು ಬೆಳಿಗ್ಗೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಪ್ಪಿಸಿ ಸಂಜೆ ಮರಳಿ ಪಡೆಯುವ ಏರ್ಪಾಡು ಸೂಕ್ತ.

ಪೊಲೀಸ್ ಮತ್ತಿತರ ತುರ್ತು ಸೇವೆಗೆ 112, ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿಗೆ 1098. ಇವುಗಳ ಜತೆ ಮನೆಯವರದೊಂದು ಸಂಖ್ಯೆಯೂ ಮಗುವಿಗೆ ಬಾಯಿಪಾಠವಾಗಿರಬೇಕು. ತನ್ನ ಫೋನಿನ ಚಾರ್ಜ್ ಮುಗಿದರೂ ಬಸ್ ಕಂಡಕ್ಟರ್ ಬಳಿಯ ಫೋನಿನಿಂದ ಕರೆ ಮಾಡಬಹುದು.