ರಾಜಕುಮಾರಿ ಮರಿಯಾನೆ: ಬದುಕು ಮತ್ತು ಕುಟುಂಬ

ನೆದರ್‌ಲ್ಯಾಂಡ್ಸ್‌ನ ದೊರೆ ಒಂದನೇ ವಿಲ್ಲೆಮ್‌ನ ಕಿರಿಯ ಮಗಳು ಮರಿಯಾನೆ ಹುಟ್ಟಿದ್ದು 1810ರ ಮೇ 9ರಂದು, ಬರ್ಲಿನ್‌ನಲ್ಲಿ. ನೆಪೋಲಿಯನ್ನನ ಕಾಲದಲ್ಲಿ ನೆಲೆ ಕಳೆದುಕೊಂಡ ಆರೆಂಜ್ ಮನೆತನ ಆಗ ತಾಯಿ ವಿಲ್ಹೆಲ್ಮಿನಾಳ ತವರಾದ ಪ್ರಶ್ಯದ ಆಸರೆಯಲ್ಲಿತ್ತು. ತಂದೆ ಪಟ್ಟಕ್ಕೆ ಬಂದದ್ದು 1815ರಲ್ಲಿ.

1828ರಲ್ಲಿ ಸ್ವೀಡನ್ನಿನ ಪದಚ್ಯುತ ದೊರೆಯ ಮಗ ಗುಸ್ತಾವ್ ವಾಸಾನೊಂದಿಗೆ ಆಕೆಯ ನಿಶ್ಚಿತಾರ್ಥವಾಯಿತು. ರಾಜಕೀಯ ಒತ್ತಡದಿಂದ ಅದು ಮುರಿದುಬಿತ್ತು. 1830ರ ಸೆಪ್ಟೆಂಬರ್ 14ರಂದು, ಬೆಲ್ಜಿಯಂ ದಂಗೆಯೆದ್ದ ಕೆಲವೇ ವಾರಗಳಲ್ಲಿ, ಹೇಗ್ ನಗರದಲ್ಲಿ ಸೋದರಮಾವನ ಮಗ, ಪ್ರಶ್ಯದ ರಾಜಕುಮಾರ ಆಲ್ಬರ್ಟ್‌ನೊಂದಿಗೆ ಆಕೆಯ ಮದುವೆ ನಡೆಯಿತು. ಹುಟ್ಟಿದ ಮಕ್ಕಳಲ್ಲಿ ಬದುಕಿ ಉಳಿದವರು ಷಾರ್ಲೊಟ್, ಆಲ್ಬರ್ಟ್ ಮತ್ತು ಅಲೆಕ್ಸಾಂಡ್ರೀನ್.

ದಾಂಪತ್ಯ ಸುಖದ್ದಾಗಿರಲಿಲ್ಲ. ಪ್ರಶ್ಯದ ಯುದ್ಧಮಂತ್ರಿಯ ಮಗಳು ರೊಸಾಲಿ ಫಾನ್ ರೌಖ್‌ಳೊಂದಿಗೆ ಗಂಡನಿಗೆ ಸಂಬಂಧವಿತ್ತು. 1845ರಲ್ಲಿ ಮರಿಯಾನೆ ಅವನನ್ನು ಬಿಟ್ಟು ಹೊರಟಳು. ತನ್ನ ಸೇವೆಯಲ್ಲಿದ್ದ, ಹಿಂದೆ ಸಾರಥಿಯಾಗಿದ್ದ ಯೊಹಾನೆಸ್ ಫಾನ್ ರೊಸ್ಸುಮ್ ಮುಂದೆ ಆಕೆಯ ಬಾಳಸಂಗಾತಿಯಾದ. 1849ರ ಮಾರ್ಚ್‌ನಲ್ಲಿ ವಿಚ್ಛೇದನ ದೊರೆಯಿತು. ಅದೇ ಅಕ್ಟೋಬರ್‌ನಲ್ಲಿ ಸಿಸಿಲಿಯ ಚೆಫಲೂ ಊರಿನಲ್ಲಿ ಇವರಿಬ್ಬರ ಮಗ ಯೊಹಾನೆಸ್ ವಿಲ್ಲೆಮ್ ಹುಟ್ಟಿದ. ಪ್ರಶ್ಯದ ಆಸ್ಥಾನ ಇದನ್ನು ಸಹಿಸಲಿಲ್ಲ. ಒಮ್ಮೆಗೆ 24 ಗಂಟೆಗಿಂತ ಹೆಚ್ಚು ಕಾಲ ಆ ನೆಲದಲ್ಲಿ ಇರಕೂಡದು, ಬಂದದ್ದನ್ನು ಪೊಲೀಸರಿಗೆ ತಿಳಿಸಬೇಕು ಎಂಬ ಕಟ್ಟಳೆ ಬಂತು. ಆಲ್ಬರ್ಟ್ ಮಾತ್ರ 1853ರಲ್ಲಿ ರೊಸಾಲಿಯನ್ನೇ ವರಿಸಿದ. ಆಸ್ಥಾನ ಮುನಿಸಿಕೊಂಡಿತಾದರೂ ಅವನ ಸೇನಾ ಪದವಿಗೆ ಅದರಿಂದ ಕುಂದು ಬರಲಿಲ್ಲ. ಒಂದೇ ಮನೆತನದಲ್ಲಿ ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ ನಡೆದದ್ದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ.

ಆಕೆಯನ್ನು ಕಾಪಾಡಿದ್ದು ಸ್ವಂತ ಆಸ್ತಿ. 1837ರಲ್ಲಿ ತಾಯಿ ತೀರಿಕೊಂಡಾಗ ಸೈಲೀಸಿಯಾದ ಕಾಮೆಂಟ್ಸ್ ಜಮೀನು ಆಕೆಯ ಪಾಲಿಗೆ ಬಂದಿತ್ತು. ಅಲ್ಲಿ ಶಿಂಕೆಲ್‌ನ ವಿನ್ಯಾಸದಂತೆ 1838ರಲ್ಲಿ ಆರಂಭವಾದ ಅರಮನೆಯ ಕೆಲಸ, ಆ ವಾಸ್ತುಶಿಲ್ಪಿ 1841ರಲ್ಲಿ ತೀರಿಕೊಂಡ ಮೇಲೂ ಮೂರು ದಶಕ ನಡೆಯಿತು. ತನ್ನದೇ ಅರಮನೆಯಲ್ಲಿ ರಾತ್ರಿಗಳನ್ನು ಕಳೆಯಲಾಗದ ಒಡತಿ ಗಡಿಯಾಚೆ, ಆಸ್ಟ್ರಿಯಾಕ್ಕೆ ಸೇರಿದ ಬೀಲಾ ವೋಡಾದಲ್ಲಿ ಮನೆ ಕೊಂಡು, ಅಲ್ಲಿಂದಲೇ ಜಮೀನಿನ ಆಡಳಿತ ನೋಡಿಕೊಂಡಳು. ಆ ಬೆಟ್ಟಸೀಮೆಯ ಅಮೃತಶಿಲೆಯ ಗಣಿ, ಅರಣ್ಯ, ರಸ್ತೆಗಳಿಗೂ ಹಣ ಹೂಡಿದಳು.

1855ರಲ್ಲಿ ರೈನ್ ನದಿಯ ದಂಡೆಯ ಎರ್ಬಾಖ್‌ನಲ್ಲಿ, ಆಗ ನಸ್ಸೌ ಸಂಸ್ಥಾನಕ್ಕೆ ಸೇರಿದ್ದ ರೈನ್‌ಹಾರ್ಟ್ಸ್‌ಹೌಸನ್ ಸೌಧವನ್ನು ಕೊಂಡಳು. ದ್ರಾಕ್ಷಿತೋಟಗಳ ನಡುವಿನ ಆ ಮನೆಗೆ ತನ್ನ ಚಿತ್ರಸಂಗ್ರಹವನ್ನು ತಂದು, ಅದಕ್ಕಾಗಿಯೇ ಒಂದು ಭಾಗವನ್ನು ಕಟ್ಟಿಸಿ, ಸಾರ್ವಜನಿಕರಿಗೂ ತೆರೆದಿಟ್ಟಳು. ದೊಡ್ಡ ಆಘಾತ ಬಂದದ್ದೂ ಇಲ್ಲಿಯೇ: 1861ರ ಕ್ರಿಸ್ಮಸ್ ದಿನ, 12 ವರ್ಷದ ಯೊಹಾನೆಸ್ ವಿಲ್ಲೆಮ್ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ. ಅವನ ನೆನಪಿಗೆ ಆಕೆ ಕೊಟ್ಟ ಜಾಗ ಮತ್ತು ಹಣದಿಂದ ಎದ್ದ ಪ್ರಾಟೆಸ್ಟಂಟ್ ಚರ್ಚು 1865ರಲ್ಲಿ ಪ್ರತಿಷ್ಠೆಗೊಂಡಿತು.

ಫಾನ್ ರೊಸ್ಸುಮ್ 1873ರಲ್ಲಿ ನಿಧನನಾದ. ಮರಿಯಾನೆ 1883ರ ಮೇ 29ರಂದು ರೈನ್‌ಹಾರ್ಟ್ಸ್‌ಹೌಸನ್‌ನಲ್ಲಿ ಕೊನೆಯುಸಿರೆಳೆದಳು. ಎರ್ಬಾಖ್‌ನಲ್ಲೇ ಅವನ ಪಕ್ಕದಲ್ಲಿ ಆಕೆಯ ಸಮಾಧಿಯಿದೆ. ಕಾಮೆಂಟ್ಸ್ ಮಗ ಆಲ್ಬರ್ಟ್‌ನ ಪಾಲಾಯಿತು. ಅವನು 1885ರಿಂದ 1906ರಲ್ಲಿ ಸಾಯುವವರೆಗೆ ಬ್ರೌನ್‌ಷ್ವೈಗ್ ಸಂಸ್ಥಾನದ ರೀಜೆಂಟನಾಗಿದ್ದ. ಅಲೆಕ್ಸಾಂಡ್ರೀನ್ ಮೆಕ್ಲೆನ್‌ಬುರ್ಗ್‌ನ ವಿಲ್ಹೆಲ್ಮ್‌ನನ್ನು ಮದುವೆಯಾದಳು. 1855ರಲ್ಲಿ ಹೆರಿಗೆಯಲ್ಲಿ ತೀರಿಕೊಂಡ ಷಾರ್ಲೊಟ್‌ಳ ಮಗ ಮೂರನೇ ಬೆರ್ನ್‌ಹಾರ್ಡ್, 1918ರ ನವೆಂಬರ್‌ನಲ್ಲಿ ಪಟ್ಟ ಬಿಟ್ಟುಕೊಡುವವರೆಗೆ ಸಾಕ್ಸ್-ಮೈನಿಂಗನ್ನಿನ ಡ್ಯೂಕ್ ಆಗಿದ್ದ.